ಗ್ಯಾರೇಜಿನಲ್ಲಿ ಒಡೆದ ಬಿಯರ್ ಬಾಟಲಿಗಳು: ಉಳಿದವನ್ನು ಏನು ಮಾಡಬೇಕು?

ಪ್ರಶ್ನೆ: ನಾನು ಹಾಸನದ ಕಡೆಯವನು, ಹನ್ನೊಂದು ವರ್ಷಗಳಿಂದ ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇನೆ. ಹೋದ ವರ್ಷದಿಂದ ಮನೆಯಲ್ಲೇ ಬಿಯರ್ ತಯಾರಿಸುತ್ತಿದ್ದೇನೆ. ಏಪ್ರಿಲ್‌ನಲ್ಲಿ 19 ಲೀಟರ್ ಪೇಲ್ ಏಲ್ (ಹಾಪ್ಸ್‌ನ ಪರಿಮಳವಿರುವ ತಿಳಿಬಣ್ಣದ ಬಿಯರ್) ಮಾಡಿದೆ. ಆರಂಭದ ಸಾಂದ್ರತೆ 1.052 ಇತ್ತು (ನೀರಿನದು 1.000, ಸಕ್ಕರೆ ಹೆಚ್ಚಿದ್ದಷ್ಟೂ ಅಂಕಿ ಹೆಚ್ಚು). ಎಂಟನೆಯ ದಿನ ಗುಳ್ಳೆ ನಿಂತಿದ್ದರಿಂದ 1.016ಕ್ಕೇ ಬಾಟಲಿಗೆ ತುಂಬಿದೆ. ಕೊನೆಯ ಮೂರು ದಿನ ಒಣ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಹಾಕಿದ್ದೆ. ಬಾಟಲಿಯಲ್ಲಿ ಅನಿಲ ತುಂಬಲೆಂದು 120 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಬಕೆಟ್‌ನ ಬಿಯರಿನ ಮೇಲೆ ಸುರಿದೆ. 48 ಬಾಟಲಿಗಳಾದವು, ಅದರಲ್ಲಿ ಎಂಟು ಬಣ್ಣವಿಲ್ಲದ ಗಾಜಿನವು. ಎರಡು ವಾರ ಮನೆಯೊಳಗೆ 22 ಡಿಗ್ರಿಯಲ್ಲಿದ್ದಾಗ ರುಚಿ ಚೆನ್ನಾಗಿತ್ತು. ಅಮ್ಮ ಊರಿನಿಂದ ಬಂದಾಗ ಕೋಣೆ ಖಾಲಿ ಮಾಡಬೇಕಾಗಿ ಎಲ್ಲವನ್ನೂ ಗ್ಯಾರೇಜಿಗೆ ಸಾಗಿಸಿದೆ. ಅಲ್ಲಿ ಐದು ವಾರ ಇದ್ದ ಮೇಲೆ, ಕಳೆದ ವಾರ ರಾತ್ರಿ ಎರಡು ಬಾಟಲಿ ಸಿಡಿದು ಗಾಜು ಕಾರಿನ ಕೆಳಗೆಲ್ಲ ಹರಡಿತ್ತು, ಗ್ಯಾರೇಜಿನ ಸೆಕೆಯೇ ಕಾರಣವಿರಬೇಕು. ಮರುದಿನ ತೆರೆದವುಗಳಲ್ಲಿ ಒಂದು ನೊರೆಯಾಗಿ ಚಿಮ್ಮಿತು, ಇನ್ನೊಂದು ಸಪ್ಪೆ. ಕಿಟಕಿಯ ಬಳಿಯಿದ್ದ ಬಿಳಿ ಬಾಟಲಿ ನಾರುತ್ತಿತ್ತು, ಕಂದು ಬಾಟಲಿಯದಕ್ಕೆ ಒದ್ದೆ ರಟ್ಟಿನ ರುಚಿ. ಅಮ್ಮ ಇದನ್ನು ಕಳ್ಳಭಟ್ಟಿ ಎಂದು ಹೆದರಿದ್ದಾರೆ. ಸ್ನೇಹಿತರೊಬ್ಬರು ಬಿಸಿನೀರಿನಲ್ಲಿಟ್ಟು ಯೀಸ್ಟ್ ಕೊಲ್ಲು ಎನ್ನುತ್ತಾರೆ, ಇನ್ನೊಬ್ಬರು ಒಮ್ಮೆ ಫ್ರಿಜ್ಜಿಗಿಟ್ಟರೆ ಮತ್ತೆ ಹೊರತೆಗೆಯಬಾರದು ಎನ್ನುತ್ತಾರೆ. ಉಳಿದ 30 ಬಾಟಲಿಗಳನ್ನು ಚೆಲ್ಲಬೇಕೇ? ದೀಪಾವಳಿಯವರೆಗೆ ಕೆಲವನ್ನಾದರೂ ಉಳಿಸಿಕೊಳ್ಳಬಹುದೇ?

ಉತ್ತರ: ಮೊದಲು ಗ್ಯಾರೇಜಿನಲ್ಲಿರುವ ಬಾಟಲಿಗಳ ಮಾತು, ಕಾರಣಗಳನ್ನು ಆಮೇಲೆ ನೋಡೋಣ. ಇದನ್ನು ಓದಿದ ಕೂಡಲೇ ಹೋಗಿ ಅವುಗಳನ್ನು ಮುಟ್ಟಬೇಡಿ, ಮುಖ್ಯವಾಗಿ ಮಧ್ಯಾಹ್ನದ ಹೊತ್ತಿನಲ್ಲಿ. ದೂರದಿಂದಲೇ ಒಂದು ದಪ್ಪ ಕಂಬಳಿಯನ್ನು ಅವುಗಳ ಮೇಲೆ ಹೊದಿಸಿ, ಅಮ್ಮನಾಗಲಿ ಮಕ್ಕಳಾಗಲಿ ಆ ಕಡೆ ಹೋಗದಂತೆ ನೋಡಿಕೊಳ್ಳಿ. ಬೆಳಗಿನ ಜಾವ ಗ್ಯಾರೇಜ್ ತಣ್ಣಗಾಗಿರುವಾಗ, ಕಣ್ಣನ್ನು ಪಕ್ಕದಿಂದಲೂ ಮುಚ್ಚುವ ಸುರಕ್ಷತಾ ಕನ್ನಡಕ, ದಪ್ಪ ಚರ್ಮದ ಕೈಗವಸು ಮತ್ತು ತುಂಬುತೋಳಿನ ದಪ್ಪ ಅಂಗಿ ಧರಿಸಿ, ಬಾಟಲಿಗಳನ್ನು ಒಂದೊಂದಾಗಿ ಅಲುಗಿಸದೆ ಎತ್ತಿ, ಗಟ್ಟಿ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಿಲ್ಲಿಸಿ. ಆ ಪೆಟ್ಟಿಗೆ ಫ್ರಿಜ್ಜಿಗೆ ಹೋಗಬೇಕು. ಫ್ರಿಜ್ಜಿನಲ್ಲಿ ಜಾಗವಿಲ್ಲದಿದ್ದರೆ ಪ್ರವಾಸಕ್ಕೆ ಒಯ್ಯುವ ಐಸ್ ಪೆಟ್ಟಿಗೆ ಆಗುತ್ತದೆ, ಆದರೆ ಬೆಚ್ಚಗಿನ ಗಾಜಿನ ಮೇಲೆ ನೇರವಾಗಿ ಐಸ್ ಸುರಿಯದೆ ಮೊದಲು ತಣ್ಣೀರು, ಒಂದೆರಡು ಗಂಟೆಯ ನಂತರ ಐಸ್ ಹಾಕಿ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ. 5 ಶೇಕಡಾ ಮದ್ಯಸಾರವಿರುವ ಬಿಯರ್ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಹೆಪ್ಪುಗಟ್ಟಲು ಶುರುವಾಗುತ್ತದೆ, ಹೆಪ್ಪುಗಟ್ಟಿದ ನೀರು ಹಿಗ್ಗಿ ಗಾಜನ್ನು ಒಡೆಯುತ್ತದೆ.

ಇದನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಬಿಯರ್ ಕಾರ್ಖಾನೆಗಳ ಗುಣಮಟ್ಟದ ಪ್ರಯೋಗಾಲಯದಲ್ಲಿ ಕೆಲಸ ಮಾಡಿಕೊಂಡು ಬಂದವನು ನಾನು. ಕೆಲಸದ ಮೊದಲ ವರ್ಷಗಳಲ್ಲಿ, ಪರೀಕ್ಷೆಗೆಂದು ಬೆಚ್ಚಗೆ ಇಟ್ಟಿದ್ದ ಕ್ರೇಟಿನಿಂದ ಒಂದು ಬಾಟಲಿಯನ್ನು ಬರಿಗೈಯಲ್ಲಿ ಎತ್ತಿದಾಗ ಅದು ಕೈಯಲ್ಲೇ ಸಿಡಿಯಿತು. ಎಡ ಹೆಬ್ಬೆರಳಿನ ಬುಡದಲ್ಲಿ ಏಳು ಹೊಲಿಗೆಗಳಾದವು. ಕಣ್ಣು ಉಳಿದದ್ದು ಆ ಕ್ಷಣ ನಾನು ಪಕ್ಕಕ್ಕೆ ತಿರುಗಿದ್ದರಿಂದ. ಎರಡು ಬಾಟಲಿ ಒಡೆದ ತಂಡದಲ್ಲಿ (ಒಂದೇ ಸಲಕ್ಕೆ ತಯಾರಿಸಿದ ಬಿಯರಿನಲ್ಲಿ) ಮೂರನೆಯದು ಯಾವಾಗ ಒಡೆಯುತ್ತದೆ ಎಂದು ಯಾರೂ ಹೇಳಲಾರರು.

ತಣ್ಣಗಿಡುವುದರಿಂದ ಏನು ಪ್ರಯೋಜನ ಎಂಬುದನ್ನು ಲೆಕ್ಕದಲ್ಲಿಯೇ ಹೇಳುತ್ತೇನೆ. ಒಂದು ಲೀಟರ್ ಬಿಯರಿನಲ್ಲಿ ಎಷ್ಟು ಲೀಟರ್ ಇಂಗಾಲದ ಡೈಆಕ್ಸೈಡ್ ಕರಗಿದೆ ಎಂಬುದನ್ನು ಈ ಕಸುಬಿನವರು ‘ವಾಲ್ಯೂಮ್’ ಎಂದು ಅಳೆಯುತ್ತಾರೆ. ಪೇಲ್ ಏಲ್‌ಗೆ 2.4 ವಾಲ್ಯೂಮ್ ಹಿತವಾದ ಪ್ರಮಾಣ. ಸಾಮಾನ್ಯ ಕಂದು ಬಾಟಲಿಯನ್ನು 3ರವರೆಗೆ ನಾನು ನಂಬುತ್ತೇನೆ, ಅದಕ್ಕಿಂತ ಹೆಚ್ಚಿಗೆ ನಂಬುವುದಿಲ್ಲ. ನಿಮ್ಮ ಬಾಟಲಿಗಳಲ್ಲಿ ಈಗ ಸುಮಾರು 4.4 ವಾಲ್ಯೂಮ್ ಇದೆ ಎಂದು ನನ್ನ ಅಂದಾಜು (ಅದು ಹೇಗೆಂದು ಮುಂದೆ ಹೇಳುತ್ತೇನೆ). ಅನಿಲವು ತಣ್ಣನೆಯ ದ್ರವದಲ್ಲಿ ಸುಲಭವಾಗಿ ಕರಗಿರುತ್ತದೆ, ಬೆಚ್ಚಗಾದಂತೆ ಹೊರಬರಲು ತವಕಿಸುತ್ತದೆ. ಆದ್ದರಿಂದ ಅದೇ ಬಾಟಲಿ, ಅದೇ ಬಿಯರ್, 3 ಡಿಗ್ರಿಯಲ್ಲಿದ್ದಾಗ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಹೆಚ್ಚೆಂದರೆ 2 ವಾಯುಭಾರದಷ್ಟು ಜಾಸ್ತಿ, ಅಂದರೆ ಕಾರಿನ ಟೈರಿಗಿಂತ ಕಡಿಮೆ. ಟೆಕ್ಸಸ್‌ನ ಬೇಸಿಗೆಯ ಗ್ಯಾರೇಜಿನಲ್ಲಿ 38 ಡಿಗ್ರಿಗೆ ಏರಿದಾಗ ಅದು ಸುಮಾರು 7 ವಾಯುಭಾರವಾಗುತ್ತದೆ, ಮೂರು ಟೈರುಗಳ ಒತ್ತಡ ಒಂದು ತೆಳುವಾದ ಗಾಜಿನ ಗೋಡೆಯ ಮೇಲೆ. ನಮ್ಮೂರಿನ ಗೋಲಿಸೋಡಾ ಬಾಟಲಿಯನ್ನು ಕೈಯಲ್ಲಿ ಹಿಡಿದ ನೆನಪು ನಿಮಗಿರಬೇಕು, ಅದರ ಗಾಜು ಎಷ್ಟು ದಪ್ಪ, ಎಷ್ಟು ಭಾರ! ಬಿಯರ್ ಬಾಟಲಿಯನ್ನು ಆ ಹೊರೆಗೆಂದು ಮಾಡಿಲ್ಲ.

ಇಲ್ಲಿಯೇ ನಿಮ್ಮ ಸ್ನೇಹಿತರ ಸಲಹೆಗೂ ಉತ್ತರವಿದೆ. ಬಾಟಲಿಗಳನ್ನು ಬಿಸಿನೀರಿನಲ್ಲಿಟ್ಟು ಯೀಸ್ಟನ್ನು ಕೊಲ್ಲುವ ಕ್ರಮವನ್ನು ಕಾರ್ಖಾನೆಗಳು 60 ಡಿಗ್ರಿಯ ಆಸುಪಾಸಿನಲ್ಲಿ ಅನುಸರಿಸುತ್ತವೆ ಎಂಬುದು ನಿಜ. ಆದರೆ ಅಲ್ಲಿ ಅನಿಲದ ಪ್ರಮಾಣ ಖಚಿತವಾಗಿ ಗೊತ್ತಿರುತ್ತದೆ, ಬಾಟಲಿಗಳು ಮುಚ್ಚಿದ ಯಂತ್ರದೊಳಗೆ ಸಾಗುತ್ತವೆ. ಈಗಾಗಲೇ ಸಿಡಿಯುತ್ತಿರುವ ತಂಡವನ್ನು ಅಡುಗೆಮನೆಯ ಒಲೆಯ ಮೇಲಿಡುವುದು ಎಂದರೆ ಇನ್ನಷ್ಟು ಬಾಟಲಿಗಳನ್ನು ಮುಖದೆದುರೇ ಸಿಡಿಸಿಕೊಂಡಂತೆ. ದಯವಿಟ್ಟು ಅದನ್ನು ಮಾಡಬೇಡಿ.

ಇನ್ನು ಅಮ್ಮನ ಭಯ. ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ, ಮತ್ತೆ 2008ರ ಮೇ ತಿಂಗಳಿನಲ್ಲಿ ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ಎಷ್ಟು ಮನೆಗಳು ಹಾಳಾದವು ಎಂಬುದನ್ನು ಕಂಡ ತಲೆಮಾರು ಅವರದು. ಆದರೆ ಅಂಥ ದುರಂತಗಳ ಮೂಲ ಕೈಗಾರಿಕೆಗೆಂದು ತಯಾರಾದ ಮೆಥನಾಲನ್ನು ಸಾರಾಯಿಗೆ ಬೆರೆಸುವುದು. ಯೀಸ್ಟ್ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಕ್ಕರೆಯನ್ನು ತಿಂದು ಕೊಡುವುದು ಎಥನಾಲನ್ನು. ಬಾರ್ಲಿಯ ಬಿಯರಿನಲ್ಲಿ ಮೆಥನಾಲ್ ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಬಾಟಲಿಯಲ್ಲಿ ಎಷ್ಟು ಕಾಲವಿಟ್ಟರೂ ಅದು ಹೆಚ್ಚುವುದಿಲ್ಲ. ಕುದಿಸಿದ ವರ್ಟ್ (ಹುದುಗುವ ಮೊದಲಿನ ಮಾಲ್ಟಿನ ರಸ), ಹಾಪ್ಸ್‌ನ ಕಹಿ, ಮದ್ಯಸಾರ ಮತ್ತು 4.5ಕ್ಕಿಂತ ಕೆಳಗಿನ ಪಿಎಚ್ (ಅಂದರೆ ಹುಳಿತನ) ಒಟ್ಟುಗೂಡಿದಲ್ಲಿ ರೋಗ ತರುವ ಸಾಮಾನ್ಯ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಹುಳಿಯಾದ ಬಿಯರ್ ಕುಡಿಯಲು ಅಸಹ್ಯವಾಗಬಹುದು, ವಿಷವಾಗುವುದಿಲ್ಲ. ನಿಮ್ಮ ಬಾಟಲಿಗಳ ಅಪಾಯ ಇರುವುದು ಗಾಜಿನಲ್ಲಿ, ಒಳಗಿನ ದ್ರವದಲ್ಲಲ್ಲ. ಕಾನೂನಿನ ಮಾತೂ ಬಂದಿತೆನ್ನಿ: ಅಮೆರಿಕದಲ್ಲಿ 1978ರ ಕಾಯ್ದೆ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಲು ಕೇಂದ್ರದ ತೆರಿಗೆಯಿಂದ ವಿನಾಯಿತಿ ಕೊಟ್ಟಿದೆ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಅವಕಾಶವಿದೆ, ಮಾರುವಂತಿಲ್ಲ. ಊರಿನಲ್ಲಿರುವ ಓದುಗರು ಇದನ್ನು ಕಂಡು ಹುಮ್ಮಸ್ಸಿಗೆ ಬೀಳಬಾರದು, 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಈಗ ಮುಖ್ಯ ಕಾರಣಕ್ಕೆ ಬರೋಣ. ಬಾಟಲಿ ಒಡೆದದ್ದು ಗ್ಯಾರೇಜಿನ ಸೆಕೆಯಿಂದ ಎಂದು ನೀವು ಭಾವಿಸಿದ್ದೀರಿ. ಸೆಕೆ ನೆಪವಾಯಿತು, ಕಾರಣ ಬಾಟಲಿಯೊಳಗೆ ಉಳಿದಿದ್ದ ಸಕ್ಕರೆ. ನೀವು ಹಾಕಿದ 120 ಗ್ರಾಂ ಹೆಚ್ಚೇನಲ್ಲ. ಲೀಟರಿಗೆ 4 ಗ್ರಾಂ ಅಡುಗೆ ಸಕ್ಕರೆ ಸುಮಾರು ಒಂದು ವಾಲ್ಯೂಮ್ ಅನಿಲ ಕೊಡುತ್ತದೆ, ಅಂದರೆ ನಿಮ್ಮ 120 ಗ್ರಾಂನಿಂದ 1.6ರಷ್ಟು. ಹುದುಗುವಾಗಲೇ ಬಿಯರಿನಲ್ಲಿ ಉಳಿದುಕೊಂಡ ಅನಿಲ 22 ಡಿಗ್ರಿಯಲ್ಲಿ 0.8ರಷ್ಟಿರುತ್ತದೆ. ಎರಡೂ ಸೇರಿ 2.4, ಸರಿಯಾಗಿಯೇ ಇದೆ. ತಪ್ಪು ಆದದ್ದು ಅದಕ್ಕೂ ಮೊದಲು, 1.016ರಲ್ಲಿ ನಿಂತಂತೆ ಕಂಡ ಬಿಯರನ್ನು ಮುಗಿಯಿತೆಂದು ತಿಳಿದದ್ದರಲ್ಲಿ. ಚಳಿಗಾಲದ ಬೆಳಗ್ಗೆ ಇಡ್ಲಿ ಹಿಟ್ಟು ಉಬ್ಬದೆ ಕೂತಿದ್ದರೆ ಅದು ಹುದುಗಿ ಮುಗಿದಿದೆ ಎಂದು ಯಾರೂ ಹೇಳುವುದಿಲ್ಲ. ಏರ್‌ಲಾಕಿನ (ಬಕೆಟ್ಟಿನ ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ ಕೊಳವೆಯ) ಗುಳ್ಳೆಯ ವಿಷಯದಲ್ಲಿ ಮಾತ್ರ ಎಲ್ಲರೂ ಆ ತೀರ್ಮಾನಕ್ಕೆ ಬರುತ್ತಾರೆ. ಮುಚ್ಚಳದ ಸಂದಿನಿಂದ ಅನಿಲ ಸೋರಿದರೂ ಗುಳ್ಳೆ ನಿಲ್ಲುತ್ತದೆ, ರಾತ್ರಿ ಕೋಣೆ ತಣ್ಣಗಾದರೂ ನಿಲ್ಲುತ್ತದೆ. 1.052ರಿಂದ ಶುರುವಾದ ಇಂಥ ಪೇಲ್ ಏಲ್ ಸಾಮಾನ್ಯವಾಗಿ 1.010ರಿಂದ 1.013ರ ನಡುವೆ ನಿಲ್ಲಬೇಕು. ಬಾಟಲಿಯೊಳಗೆ ಸಾಂದ್ರತೆ ಒಂದು ಪಾಯಿಂಟ್, ಅಂದರೆ 0.001ರಷ್ಟು ಇಳಿದರೆ ಅರ್ಧ ವಾಲ್ಯೂಮ್ ಅನಿಲ ಹುಟ್ಟುತ್ತದೆ. 1.016 ಎಂಬುದು ನಿಧಾನವಾಗಿ 1.012ಕ್ಕೆ ಇಳಿದಿದ್ದರೆ ಎರಡು ವಾಲ್ಯೂಮ್ ಹೆಚ್ಚುವರಿ, ಒಟ್ಟು 4.4.

ನೀವು ಕೊನೆಯ ಮೂರು ದಿನ ಒಣ ಹಾಪ್ಸ್ ಹಾಕಿದ್ದು ಇದಕ್ಕೆ ಇನ್ನಷ್ಟು ಇಂಬು ಕೊಟ್ಟಿರಬೇಕು. ಹಾಪ್ಸ್‌ನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವಗಳಿವೆ. ಯೀಸ್ಟ್ ತಿನ್ನಲಾರದೆ ಬಿಟ್ಟ ಉದ್ದನೆಯ ಸಕ್ಕರೆ ಸರಪಳಿಗಳನ್ನು ಅವು ಚಿಕ್ಕದಾಗಿ ತುಂಡರಿಸುತ್ತವೆ, ಆಗ ಸುಮ್ಮನಿದ್ದ ಯೀಸ್ಟ್ ಮತ್ತೆ ಎದ್ದು ಕೂರುತ್ತದೆ. ಬ್ರೌನ್ ಮತ್ತು ಮಾರಿಸ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಇದನ್ನು 1893ರಷ್ಟು ಹಿಂದೆಯೇ ಬರೆದಿದ್ದರು. ಹಾಪ್ಸ್ ಧಾರಾಳವಾಗಿ ಸುರಿಯುವ ಈಗಿನ ಬಿಯರುಗಳ ಕಾಲದಲ್ಲಿ ಅದಕ್ಕೆ ‘ಹಾಪ್ ಕ್ರೀಪ್’ ಎಂಬ ಹೆಸರು ಬಂದಿದೆ. ಈ ಕೆಲಸ ದಿನಗಳಲ್ಲಿ ಮುಗಿಯುವಂಥದ್ದಲ್ಲ, ವಾರಗಟ್ಟಲೆ ನಡೆಯುತ್ತದೆ. ಎರಡನೆಯ ವಾರದಲ್ಲಿ ರುಚಿಯಾಗಿದ್ದ ಬಿಯರ್ ಏಳನೆಯ ವಾರದಲ್ಲಿ ಬಾಂಬಾದದ್ದು ಇದರಿಂದ ಎಂದು ನನಗೆ ಅನಿಸುತ್ತದೆ, ಗ್ಯಾರೇಜಿನ ಬಿಸಿ ಅದನ್ನು ಚುರುಕುಗೊಳಿಸಿತು.

ಬೇರೆ ಎರಡು ಸಾಧ್ಯತೆಗಳನ್ನೂ ಬಿಟ್ಟುಬಿಡುವಂತಿಲ್ಲ. ಡಯಾಸ್ಟಾಟಿಕಸ್ ಎಂಬ ಬಗೆಯ ಯೀಸ್ಟ್ ತಾನೇ ಅಂಥ ಕಿಣ್ವವನ್ನು ಸ್ರವಿಸಿ, ಉಳಿದ ಸಕ್ಕರೆಯನ್ನೆಲ್ಲ ತಿಂಗಳುಗಟ್ಟಲೆ ತಿನ್ನುತ್ತ ಹೋಗುತ್ತದೆ. ಸೇಸಾನ್ ಬಿಯರಿಗೆ ಬಳಸುವ ಕೆಲವು ಯೀಸ್ಟುಗಳು ಈ ಜಾತಿಯವೇ, ನೀವು ಹಿಂದೆ ಅದನ್ನು ಬಳಸಿದ್ದರೆ ಪ್ಲಾಸ್ಟಿಕ್ ಕೊಳವೆಯ ಗೀರುಗಳಲ್ಲಿ ಅದು ಉಳಿದುಕೊಂಡಿರಬಹುದು. ಇನ್ನೊಂದು ಬ್ಯಾಕ್ಟೀರಿಯಾದ ಸೋಂಕು. ಬಾಟಲಿಯ ಕುತ್ತಿಗೆಯಲ್ಲಿ, ಬಿಯರಿನ ಮಟ್ಟದಲ್ಲಿ, ಬಿಳಿಯ ಉಂಗುರದಂಥ ಪದರ ಕಂಡರೆ ಅದರ ಗುರುತು.

ಇದರಲ್ಲಿ ಯಾವುದು ಎಂದು ತಿಳಿಯಲು ಪ್ರಯೋಗಾಲಯ ಬೇಡ, ಸಾಂದ್ರತೆ ಅಳೆಯುವ ನಿಮ್ಮ ಹೈಡ್ರೋಮೀಟರೇ ಸಾಕು. ಬಾಟಲಿಗಳು ಪೂರ್ತಿ ಎರಡು ದಿನ ತಣ್ಣಗಿದ್ದ ಮೇಲೆ ಒಂದನ್ನು ತೆಗೆದು, ದಪ್ಪ ಟವೆಲ್ ಸುತ್ತಿ, ಕನ್ನಡಕ ಹಾಕಿಕೊಂಡೇ ಸಿಂಕಿನಲ್ಲಿ ತೆರೆಯಿರಿ. ಬಿಯರನ್ನು ಎರಡು ಲೋಟಗಳ ನಡುವೆ, ನಮ್ಮವರು ಕಾಫಿ ಆರಿಸುವ ಹಾಗೆ, ಹತ್ತಿಪ್ಪತ್ತು ಸಲ ಎತ್ತಿ ಸುರಿದು ಅನಿಲವನ್ನೆಲ್ಲ ಕಳೆಯಿರಿ. ಗುಳ್ಳೆ ಉಳಿದರೆ ಹೈಡ್ರೋಮೀಟರ್ ತೇಲಿ ಸುಳ್ಳು ಅಳತೆ ತೋರಿಸುತ್ತದೆ. 20 ಡಿಗ್ರಿಗೆ ಬಂದ ಮೇಲೆ ಅಳೆಯಿರಿ. 1.010ರಿಂದ 1.013ರೊಳಗೆ ಇದ್ದು ರುಚಿ ಶುದ್ಧವಾಗಿದ್ದರೆ ಹುದುಗು ಮುಗಿಯುವ ಮೊದಲೇ ತುಂಬಿದ್ದೀರಿ, ಅಷ್ಟೇ. 1.006ಕ್ಕಿಂತ ಕೆಳಗಿಳಿದು, ಬಿಯರ್ ನೀರು ನೀರಾಗಿ ಲವಂಗದ ವಾಸನೆಯಿದ್ದರೆ ಆ ಹೊಟ್ಟೆಬಾಕ ಯೀಸ್ಟಿನ ಕೆಲಸ. ಹುಳಿಯಾಗಿದ್ದರೆ ಬ್ಯಾಕ್ಟೀರಿಯಾ. ಕೊನೆಯ ಎರಡರಲ್ಲಿ ಯಾವುದಾದರೂ ಆಗಿದ್ದಲ್ಲಿ ಚೆಲ್ಲಿಬಿಡಿ, ಬಕೆಟ್ ಮತ್ತು ಕೊಳವೆಯಂಥ ಪ್ಲಾಸ್ಟಿಕ್ ಸಾಮಾನುಗಳನ್ನೂ ಹೊಸದಾಗಿ ಕೊಳ್ಳಿ.

ಮೊದಲನೆಯದಾಗಿದ್ದರೆ ನಿಮ್ಮೆದುರು ಮೂರು ದಾರಿಗಳಿವೆ. ಅತಿ ಸುಲಭವಾದದ್ದು, ಎಲ್ಲವನ್ನೂ ಫ್ರಿಜ್ಜಿನಲ್ಲಿಯೇ ಇಟ್ಟು, ತಣ್ಣಗಿರುವಾಗಲೇ ದೊಡ್ಡ ಜಗ್ಗಿಗೆ ಸುರಿದು, ನೊರೆ ಇಳಿದ ಮೇಲೆ ಕೆಲವು ವಾರಗಳಲ್ಲಿ ಕುಡಿದು ಮುಗಿಸುವುದು. ಇದರಲ್ಲಿ ಕಳೆದುಕೊಳ್ಳುವುದು ಸ್ವಲ್ಪ ಬಿಯರ್ ಮಾತ್ರ. ಎರಡನೆಯದು ಅನಿಲ ಬಿಡುವುದು: 3 ಡಿಗ್ರಿಗೆ ತಣಿದ ಬಾಟಲಿಯ ಮುಚ್ಚಳದ ಒಂದು ಅಂಚನ್ನು ಓಪನರಿನಿಂದ ಕೂದಲೆಳೆಯಷ್ಟು ಎತ್ತಿ, ಬುಸ್ಸೆಂದು ಅನಿಲ ಹೊರಟು ನೊರೆ ಕುತ್ತಿಗೆಗೆ ಏರುವ ಮೊದಲೇ ಬಿಟ್ಟು, ಒಂದು ಗಂಟೆಯ ನಂತರ ಮತ್ತೊಮ್ಮೆ ಹಾಗೆಯೇ ಮಾಡಿ, ಕೊನೆಗೆ ಸೋಂಕು ತೆಗೆದ ಹೊಸ ಮುಚ್ಚಳ ಒತ್ತುವುದು. ಆಗ ಒಳಗೆ ಗಾಳಿ ಸೇರುತ್ತದೆ, ಆದ್ದರಿಂದ ರುಚಿ ಬೇಗ ಹಳತಾಗುತ್ತದೆ. ಸಕ್ಕರೆ ಇನ್ನೂ ಉಳಿದಿದ್ದರೆ ಬೆಚ್ಚಗಾದಾಗ ಒತ್ತಡ ಮರಳಿ ಏರುತ್ತದೆ, ಹೀಗಾಗಿ ಅನಿಲ ಬಿಟ್ಟ ಬಾಟಲಿಯೂ ಫ್ರಿಜ್ಜಿನಲ್ಲಿಯೇ ಇರಬೇಕು. ಮೂರನೆಯದು ಚೆಲ್ಲುವುದು, ಅದನ್ನೂ ತಣಿಸಿ ತೆರೆದೇ ಚೆಲ್ಲಿ. ಮುಚ್ಚಿದ ಬಾಟಲಿಯನ್ನು ಕಸದ ಡಬ್ಬಿಗೆ ಹಾಕಿದರೆ ಅದು ಕಸ ಒಯ್ಯುವವರ ಕೈಯಲ್ಲಿ ಸಿಡಿಯುತ್ತದೆ. ನನ್ನನ್ನು ಕೇಳಿದರೆ, ಬಣ್ಣವಿಲ್ಲದ ಬಾಟಲಿಗಳನ್ನು ಚೆಲ್ಲಿ, ಉಳಿದವನ್ನು ಮೊದಲ ದಾರಿಯಲ್ಲಿ ಮುಗಿಸಿ.

ಒಂದು ಚಿಮ್ಮಿ ಇನ್ನೊಂದು ಸಪ್ಪೆಯಾದದ್ದಕ್ಕೆ ಕಾರಣ ಬೇರೆ. ಸಕ್ಕರೆ ಪಾಕ ಬಿಯರಿಗಿಂತ ಭಾರ, ಮೇಲಿಂದ ಸುರಿದರೆ ತಳಕ್ಕೆ ಹೋಗಿ ಕೂರುತ್ತದೆ. ತಳದಿಂದ ತುಂಬಿದ ಬಾಟಲಿಗಳಿಗೆ ಹೆಚ್ಚು ಪಾಲು ಸಿಗುತ್ತದೆ, ಕೊನೆಯವಕ್ಕೆ ಕಡಿಮೆ. ಬಕೆಟ್ಟಿನಲ್ಲಿ ಪಾಕವನ್ನು ಮೊದಲು ಹಾಕಿ, ಕೊಳವೆಯ ತುದಿ ಬಕೆಟ್ಟಿನ ಗೋಡೆಗೆ ಸುತ್ತಿಕೊಳ್ಳುವಂತಿಟ್ಟು ಬಿಯರನ್ನು ಅದರ ಮೇಲೆ ಹರಿಸಿದರೆ ತಾನಾಗಿ ಸುತ್ತಿ ಬೆರೆಯುತ್ತದೆ, ತುಂಬುವ ಮೊದಲು ನೊರೆಯೇಳದಂತೆ ಒಮ್ಮೆ ಮೆಲ್ಲಗೆ ಕದಡಿ. ಸಪ್ಪೆ ಬಾಟಲಿಯ ಮುಚ್ಚಳವನ್ನೂ ಬೆರಳಿನಿಂದ ತಿರುಗಿಸಿ ನೋಡಿ, ಸಲೀಸಾಗಿ ತಿರುಗಿದರೆ ಅದು ಸರಿಯಾಗಿ ಕೂತಿಲ್ಲ. ತಿರುಪು ಕುತ್ತಿಗೆಯ ಬಾಟಲಿಗಳಿಗೆ ಕೈಯಂತ್ರದ ಮುಚ್ಚಳ ಗಟ್ಟಿಯಾಗಿ ಹಿಡಿಯುವುದೂ ಇಲ್ಲ.

ರುಚಿಯ ಎರಡು ದೋಷಗಳನ್ನು ನೀವು ಒಂದೇ ಎಂದುಕೊಂಡಂತಿದೆ, ಅವು ಬೇರೆ ಬೇರೆ. ಬಿಳಿ ಬಾಟಲಿಯ ನಾತ ಬೆಳಕಿನದು. ಹಾಪ್ಸ್‌ನ ಕಹಿ ಅಂಶ ಬೆಳಕಿನಲ್ಲಿ ಒಡೆದು, ಬಿಯರಿನಲ್ಲಿರುವ ಗಂಧಕದ ಅಂಶದೊಂದಿಗೆ ಸೇರಿ, ಅಮೆರಿಕದ ಸ್ಕಂಕ್ ಎಂಬ ಪ್ರಾಣಿ ಚಿಮ್ಮಿಸುವ ದ್ರವವನ್ನು ಹೋಲುವ ವಾಸನೆ ಹುಟ್ಟಿಸುತ್ತದೆ. ಬಿಸಿಲಿನಲ್ಲಿ ಬಣ್ಣವಿಲ್ಲದ ಗಾಜಿನೊಳಗೆ ಇದಕ್ಕೆ ಕೆಲವೇ ನಿಮಿಷ ಸಾಕು. ಹಸಿರು ಗಾಜು ಅಷ್ಟೇನೂ ತಡೆಯುವುದಿಲ್ಲ, ಕಂದು ಗಾಜು ಚೆನ್ನಾಗಿ ತಡೆಯುತ್ತದೆ, ಮುಚ್ಚಿದ ರಟ್ಟಿನ ಪೆಟ್ಟಿಗೆ ಎಲ್ಲಕ್ಕಿಂತ ಮೇಲು. ಫ್ರಿಜ್ಜಿನಿಂದ ಹೊರತೆಗೆದು ಮತ್ತೆ ಒಳಗಿಟ್ಟರೆ ಬಿಯರ್ ನಾರುತ್ತದೆ ಎಂಬ ಮಾತು ಈ ವಾಸನೆಗೇ ಅಂಟಿಕೊಂಡ ತಪ್ಪು ತಿಳಿವಳಿಕೆ. ತಣ್ಣಗಿದ್ದದ್ದು ಒಂದು ದಿನ ಬೆಚ್ಚಗಾದರೆ ಆ ಒಂದು ದಿನದಷ್ಟೇ ಅದಕ್ಕೆ ವಯಸ್ಸಾಗುತ್ತದೆ, ಅದಕ್ಕಿಂತ ಹೆಚ್ಚಿನ ಕೇಡೇನೂ ಇಲ್ಲ.

ಒದ್ದೆ ರಟ್ಟಿನ ರುಚಿ ಆಮ್ಲಜನಕ ಮತ್ತು ಬಿಸಿಯದು. ಬಾಟಲಿಯೊಳಗಿನ ಯೀಸ್ಟ್ ಸ್ವಲ್ಪ ಆಮ್ಲಜನಕವನ್ನು ತಾನೇ ಹೀರಿಕೊಳ್ಳುತ್ತದೆ, ಮನೆಯ ಬಿಯರಿಗೆ ಇರುವ ದೊಡ್ಡ ಅನುಕೂಲ ಇದು. ಆದರೆ ಸೆಕೆಯನ್ನು ಅದೂ ತಡೆಯಲಾರದು. ಈ ಉದ್ಯಮದಲ್ಲಿ ಒಂದು ಕೈಲೆಕ್ಕವಿದೆ: 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಮೂರರಲ್ಲೂ ಬಿಯರಿಗೆ ಆಗುವ ವಯಸ್ಸು ಹೆಚ್ಚುಕಡಿಮೆ ಒಂದೇ. ಇದು ಒರಟು ಲೆಕ್ಕವೇ ಆದರೂ ನಿಮ್ಮ ಐದು ವಾರಗಳ ಗ್ಯಾರೇಜ್ ವಾಸ ಆ ಬಿಯರಿಗೆ ಏನು ಮಾಡಿತು ಎಂಬುದನ್ನು ಇದರಿಂದ ಊಹಿಸಿಕೊಳ್ಳಬಹುದು. ಹಾಗೆಂದು ತುಂಬಿದ ಕೂಡಲೇ ಫ್ರಿಜ್ಜಿಗಿಡುವುದೂ ತಪ್ಪು, ಯೀಸ್ಟ್ ಸಕ್ಕರೆಯನ್ನು ತಿನ್ನದೆ ಮಲಗಿಬಿಡುತ್ತದೆ. ಮೊದಲ ಎರಡು ಮೂರು ವಾರ 20ರಿಂದ 24 ಡಿಗ್ರಿಯ ಕತ್ತಲೆಯ ಜಾಗ, ಅನಿಲ ತುಂಬಿದ ಮೇಲೆ ಆದಷ್ಟು ತಂಪಾದ ಜಾಗ. ಆಸ್ಟಿನ್‌ನಲ್ಲಿ ಗ್ಯಾರೇಜ್ ಎರಡಕ್ಕೂ ಅಲ್ಲ, ಮನೆಯ ನಡುವಿನ ಬಟ್ಟೆ ಕಪಾಟಿನ ಕೆಳಗಿನ ಅರೆ ಮೊದಲನೆಯದಕ್ಕೆ ಒಳ್ಳೆಯದು. ಬಾಟಲಿಗಳನ್ನು ಮಲಗಿಸದೆ ನಿಲ್ಲಿಸಿಯೇ ಇಡಿ, ಗಸಿ ತಳದಲ್ಲಿ ಗಟ್ಟಿಯಾಗಿ ಕೂತು ಕೊನೆಯ ಒಂದು ಬೆರಳಿನಷ್ಟನ್ನು ಬಿಟ್ಟು ತಿಳಿಯಾಗಿ ಬಗ್ಗಿಸಲು ಬರುತ್ತದೆ.

ಮುಂದಿನ ಸಲ 1.016ರಂಥ ಅಂಕಿ ಕಂಡಾಗ ಬಕೆಟನ್ನು ಎರಡು ಡಿಗ್ರಿ ಬೆಚ್ಚಗಿನ ಜಾಗಕ್ಕೆ ಸರಿಸಿ, ಮೂರು ದಿನಗಳ ಅಂತರದಲ್ಲಿ ಎರಡು ಸಲ ಅಳೆದು, ಅಂಕಿ ಬದಲಾಗದೆ ನಿಂತರೆ ಮಾತ್ರ ತುಂಬಿ. ಒಣ ಹಾಪ್ಸ್ ಹಾಕಿದ್ದರೆ ಹಾಕಿದ ಮೇಲಿನ ಅಳತೆಯೇ ಲೆಕ್ಕ, ಮೊದಲಿನದಲ್ಲ. ಪ್ರತಿ ತಂಡದಲ್ಲಿ ಒಂದು ಬಾಟಲಿಯಷ್ಟು ಬಿಯರನ್ನು ಸೋಡಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬುವ ಅಭ್ಯಾಸವನ್ನೂ ಮಾಡಿಕೊಳ್ಳಿ. ಕೈಯಿಂದ ಒತ್ತಿದಾಗ ಮೊದಲ ವಾರ ಅದು ಮೆತ್ತಗಿರುತ್ತದೆ, ಎರಡನೆಯ ವಾರ ಗಟ್ಟಿಯಾಗುತ್ತದೆ. ಕಲ್ಲಿನ ಹಾಗಾಗಿ ತಳ ಉಬ್ಬಿ ಬಾಟಲಿ ನೆಟ್ಟಗೆ ನಿಲ್ಲದಂತಾದರೆ, ಗಾಜಿನವನ್ನೆಲ್ಲ ಅದೇ ದಿನ ಫ್ರಿಜ್ಜಿಗೆ ಸೇರಿಸಿ.

ದೀಪಾವಳಿಯ ಮಾತಿಗೆ ಬಂದರೆ, ಈ ತಂಡದಿಂದ ಒಂದು ಬಾಟಲಿಯನ್ನೂ ಅಲ್ಲಿಯವರೆಗೆ ಇಟ್ಟುಕೊಳ್ಳಬೇಡಿ. ಇಟ್ಟಷ್ಟೂ ರುಚಿ ಎಂಬುದು 8 ಶೇಕಡಾ ದಾಟಿದ ಗಟ್ಟಿ ಸ್ಟೌಟ್ ಅಥವಾ ಬಾರ್ಲಿವೈನ್‌ಗೆ ಸಲ್ಲುವ ಮಾತು. ಹಾಪ್ಸ್‌ನ ಪರಿಮಳಕ್ಕಾಗಿಯೇ ಮಾಡುವ ಪೇಲ್ ಏಲ್‌ನಲ್ಲಿ ಮೊದಲು ಹೋಗುವುದೇ ಆ ಪರಿಮಳ. ಸೆಪ್ಟೆಂಬರಿನ ಮೊದಲ ವಾರದಲ್ಲಿ ಹೊಸ ತಂಡ ಹಾಕಿ, ಹುದುಗಿಗೆ ಮೂರು ವಾರ ಕೊಟ್ಟು, ತಿಂಗಳ ಕೊನೆಗೆ ಕಂದು ಬಾಟಲಿಗಳಲ್ಲಿ ತುಂಬಿ, ಎರಡು ಮೂರು ವಾರ ಬಟ್ಟೆ ಕಪಾಟಿನಲ್ಲಿಟ್ಟರೆ ಅಕ್ಟೋಬರಿನ ಮಧ್ಯಕ್ಕೆ ಅದು ಸಿದ್ಧ. ಹಬ್ಬ ಬರುವವರೆಗೆ ಫ್ರಿಜ್ಜಿನಲ್ಲಿ ಹಾಯಾಗಿರುತ್ತದೆ.